ಹೋಟೆಲ್ ಊಟದಲ್ಲಿ ಸೊಪ್ಪು ಯಾಕಿಲ್ಲ?

ನಾವು ಪಟ್ಟಣಕ್ಕೆ ಹೋಗುತ್ತೇವೆ. ಆಸ್ಪತ್ರೆಗೆ ಹೋಗುತ್ತೇವೆ. ತಾಲ್ಲೂಕು ಕಚೇರಿಗೆ ಹೋಗುತ್ತೇವೆ. ಕೆಲಸ ಮುಗಿಯುವಾಗ ಮಧ್ಯಾಹ್ನ ಆಗಿರುತ್ತೆ. ಹೊಟ್ಟೆ ಹಸಿಯುತ್ತೆ. ಬಸ್ ನಿಲ್ದಾಣದ ಎದುರಿಗೆ ಹೋಟೆಲ್ ಇರುತ್ತೆ. "ಊಟ ತಯಾರಿದೆ" ಎಂದು ಬೋರ್ಡ್ ಹಾಕಿರುತ್ತಾರೆ. ಈಗ ಆ ಬೋರ್ಡನ್ನು ನಾವೇ ಓದುತ್ತೇವೆ. ಯಾರನ್ನೂ ಕೇಳಬೇಕಾಗಿಲ್ಲ.

ಒಳಗೆ ಹೋಗಿ ಕೂರುತ್ತೇವೆ. ತಟ್ಟೆ ಬರುತ್ತೆ. ಅನ್ನ, ಸಾಂಬಾರ್, ತಿಳಿಸಾರು, ಹಪ್ಪಳ, ಉಪ್ಪಿನಕಾಯಿ, ಮಜ್ಜಿಗೆ. ಮೂಲೆಯಲ್ಲಿ ಒಂದು ಚಮಚ ಪಲ್ಯ. ಅದು ಯಾವ ಪಲ್ಯ? ಹೇಳಿ ನೋಡೋಣ. ಕೋಸಿನ ಪಲ್ಯ! ಕೋಸು ಇಲ್ಲದಿದ್ದರೆ ಬೀನ್ಸ್, ಕ್ಯಾರೆಟ್. ಅದೂ ಇಲ್ಲದಿದ್ದರೆ ಬೀಟ್‌ರೂಟ್. ಸಾಂಬಾರಿನಲ್ಲಿ ಏನಿದೆ? ಸೌಟು ಹಾಕಿ ಹುಡುಕಿದರೆ ಎರಡು ಹೋಳು ಮೂಲಂಗಿ, ಇಲ್ಲವೇ ಸೀಮೆಬದನೆ. ಬೆಳಗಿನ ಪೂರಿ ಜೊತೆ ಕೊಡುವ ಸಾಗುವಿನಲ್ಲಿ ಆಲೂಗಡ್ಡೆ. ದೋಸೆಯ ಒಳಗೂ ಆಲೂಗಡ್ಡೆ.

ಮಂಡ್ಯದ ಹೋಟೆಲಿನಲ್ಲೂ ಹೀಗೇ. ತುಮಕೂರಿನಲ್ಲೂ ಹೀಗೇ. ಬೆಂಗಳೂರಿನಲ್ಲೂ ಬಹಳ ಕಡೆ ಹೀಗೇ. ಊರು ಬದಲಾದರೂ ಪಲ್ಯ ಬದಲಾಗೋದಿಲ್ಲ.

ನಮ್ಮ ಊರಿನಲ್ಲಿ ಎಷ್ಟು ತರಕಾರಿ ಇದೆ! ಹೀರೆಕಾಯಿ, ಪಡವಲಕಾಯಿ, ಸೋರೆಕಾಯಿ, ತೊಂಡೆಕಾಯಿ, ಹಾಗಲಕಾಯಿ, ಗೋರಿಕಾಯಿ, ನುಗ್ಗೆಕಾಯಿ. ಚಳಿ ಬಂತು ಅಂದ್ರೆ ಅವರೆಕಾಯಿ. ಬಾಳೆ ಕಡಿದರೆ ಬಾಳೆದಿಂಡು, ಬಾಳೆಹೂವು. ಸೊಪ್ಪಿನ ಮಾತು ಕೇಳಲೇಬೇಡಿ. ದಂಟು, ಕೀರೆ, ಹರಿವೆ, ಚಕ್ಕೋತ, ಸಬ್ಬಸಿಗೆ, ಮೆಂತ್ಯ, ಬಸಳೆ, ನುಗ್ಗೆಸೊಪ್ಪು. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ತಾನಾಗಿ ಬರುವ ಅಣ್ಣೆಸೊಪ್ಪು, ಹೊನಗೊನ್ನೆ ಸೊಪ್ಪು. ಇವನ್ನು ಯಾರೂ ಬಿತ್ತಿಲ್ಲ. ನಾಲ್ಕೈದು ಬಗೆ ಸೇರಿಸಿದರೆ ಬೆರಕೆ ಸೊಪ್ಪು. ಅದರಲ್ಲಿ ಬಸ್ಸಾರು, ಮಸ್ಸೊಪ್ಪು, ಉಪ್ಪುಸಾರು.

ಇಷ್ಟೆಲ್ಲ ಇದ್ದೂ ಹೋಟೆಲಿನ ತಟ್ಟೆಗೆ ಯಾಕೆ ಬರೋದಿಲ್ಲ? ಹೋಟೆಲಿನವರಿಗೆ ಗೊತ್ತಿಲ್ಲವೇ? ಗೊತ್ತಿದೆ. ಅವರ ಮನೆಯಲ್ಲೂ ಸೊಪ್ಪಿನ ಸಾರು ಮಾಡ್ತಾರೆ. ಹಾಗಾದರೆ ಯಾಕೆ? ಬನ್ನಿ, ಒಂದು ಲೆಕ್ಕ ಮಾಡೋಣ.

ಹೋಟೆಲಿಗೆ ಮಧ್ಯಾಹ್ನ 100 ಜನ ಊಟಕ್ಕೆ ಬರ್ತಾರೆ ಅಂದುಕೊಳ್ಳಿ. ಒಬ್ಬರಿಗೆ 100 ಗ್ರಾಂ ಸೊಪ್ಪು ಎಂದು ಹಿಡಿಯೋಣ. ಒಟ್ಟು 10 ಕಿಲೋ ಸೋಸಿದ ಸೊಪ್ಪು ಬೇಕು. ಸೊಪ್ಪು ಸೋಸೋದು ಎಷ್ಟು ಕೆಲಸ ಅಂತ ನಮಗೆ ಹೇಳಿಕೊಡಬೇಕೇ? ಕಟ್ಟು ಬಿಚ್ಚಬೇಕು. ಹುಲ್ಲು ತೆಗೆಯಬೇಕು. ಬಲಿತ ಕಡ್ಡಿ, ಹಳದಿ ಎಲೆ, ಹುಳ ತಿಂದ ಎಲೆ ತೆಗೆಯಬೇಕು. ಮಣ್ಣು ಹೋಗುವವರೆಗೆ ಮೂರು ನಾಲ್ಕು ನೀರಿನಲ್ಲಿ ತೊಳೆಯಬೇಕು. ಕಿಲೋ ಸೊಪ್ಪಿಗೆ ಅರ್ಧ ಗಂಟೆ ಅಂತ ಹಿಡಿಯಿರಿ. 10 ಕಿಲೋಗೆ ಎಷ್ಟಾಯಿತು? 5 ಗಂಟೆ! ಒಬ್ಬ ಆಳಿನ ಅರ್ಧ ದಿನಕ್ಕಿಂತ ಹೆಚ್ಚು. ಇಷ್ಟು ಮಾಡಿ ಒಲೆಯ ಮೇಲಿಟ್ಟರೆ ಏನಾಗುತ್ತೆ? ಬುಟ್ಟಿ ತುಂಬ ಇದ್ದದ್ದು ಬಾಡಿ ಬಟ್ಟಲಿನಷ್ಟಾಗುತ್ತೆ.

ಕೋಸು ಹಾಗಲ್ಲ. ಮೇಲಿನ ಎರಡು ಎಲೆ ಕಿತ್ತು ಹಾಕಿದರೆ ಮುಗೀತು. ಕೈ ಪಳಗಿದವರು 10 ಕಿಲೋ ಕೋಸನ್ನು ಒಂದು ಗಂಟೆಯೊಳಗೆ ಹೆಚ್ಚಿಬಿಡ್ತಾರೆ. ಮೂಟೆಯಲ್ಲಿ ತಂದಿಟ್ಟರೆ ನಾಲ್ಕು ದಿನ ಕೆಡೋದಿಲ್ಲ. ಸೊಪ್ಪು ಬೆಳಿಗ್ಗೆ ತಂದರೆ ಸಂಜೆಗೆ ಬಾಡುತ್ತೆ. ಕೋಸು, ಕ್ಯಾರೆಟ್, ಆಲೂಗಡ್ಡೆ ವರ್ಷವಿಡೀ ಮಂಡಿಯಲ್ಲಿ ಸಿಗುತ್ತೆ. ಅಣ್ಣೆಸೊಪ್ಪನ್ನು ಯಾವ ಮಂಡಿಯಲ್ಲಿ ಹುಡುಕೋದು?

ಇನ್ನೊಂದು ಮಾತಿದೆ. ಊಟದ ದರವನ್ನು ಬೋರ್ಡಿನ ಮೇಲೆ ಬರೆದಿರುತ್ತಾರೆ. ಅದನ್ನು ದಿನಾ ಅಳಿಸಿ ಬರೆಯೋಕೆ ಆಗಲ್ಲ. ತರಕಾರಿ ಬೆಲೆ ಮಾತ್ರ ದಿನಾ ಏರುತ್ತೆ, ಇಳಿಯುತ್ತೆ. 2023ರ ಜುಲೈ ತಿಂಗಳಿನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿತ್ತು. ನೆನಪಿದೆಯಾ? ಆಗ ನಾವು ಸಾರಿಗೆ ಹುಣಸೆಹಣ್ಣು ಹಾಕಿದೆವು. ಹೋಟೆಲಿನವರಿಗೂ ಇದೇ ಪಾಡು. ದರ ಏರಿಸೋಕೆ ಆಗದಿದ್ದರೆ ಸಾಂಬಾರಿನಲ್ಲಿ ಹೋಳು ಕಡಿಮೆ ಆಗುತ್ತೆ.

ಕೋಸು, ಆಲೂಗಡ್ಡೆ ಹೊರದೇಶದಿಂದ ಬಂದವು ಅಂತ ನಾವು ದೂರುತ್ತಿಲ್ಲ. ದಿನಾ ಅರೆಯುವ ಮೆಣಸಿನಕಾಯಿಯೂ ಹೊರದೇಶದಿಂದ ಬಂದದ್ದೇ! ಕೋಸು ಕೆಟ್ಟದ್ದೂ ಅಲ್ಲ. ಆದರೆ ದಿನಾ ಅದೊಂದೇ ಆದರೆ?

ಈಗ ಅವರೆಕಾಯಿ ನೋಡಿ. ಬೆಂಗಳೂರು, ಕೋಲಾರದ ಕಡೆ ಚಳಿಗಾಲದಲ್ಲಿ ಹಿತಕಿದ ಅವರೆಬೇಳೆ ಮಾರುತ್ತಾರೆ. ಸಿಪ್ಪೆ ಸಮೇತದ ಕಾಯಿಗಿಂತ ಅದಕ್ಕೆ ಎಷ್ಟೋ ಪಟ್ಟು ಹೆಚ್ಚು ಬೆಲೆ. ಯಾಕೆ? ಸುಲಿದವರ ಕೂಲಿ ಅದರಲ್ಲಿ ಸೇರಿದೆ. ನೆನೆಸಿದವರ, ಒಂದೊಂದೇ ಕಾಳು ಹಿತಕಿದವರ ಕೂಲಿ ಸೇರಿದೆ. ಅದೇ ಕೆಲಸವನ್ನು ನಾವು ಮನೆಯಲ್ಲಿ ಮಾಡಿದರೆ? ರಾತ್ರಿ ಟಿ.ವಿ. ಮುಂದೆ ಕೂತು ಹಿತಕುತ್ತೇವೆ. ಅದಕ್ಕೆ ಯಾರೂ ಬೆಲೆ ಕಟ್ಟೋದಿಲ್ಲ. "ಮನೆಯಲ್ಲಿ ಸುಮ್ನೆ ಇದ್ದಾಳೆ" ಅಂತಾರೆ! ಹೋಟೆಲಿನವರು ಲೆಕ್ಕ ಬಲ್ಲವರು. ಕೂಲಿ ಕೊಡಬೇಕಾದಾಗ ಅವರು ಸೊಪ್ಪನ್ನೇ ಬಿಟ್ಟರು. ಮನೆಯಲ್ಲಿ ಕೂಲಿ ಇಲ್ಲದೆ ಸೋಸುವವರು ಇದ್ದಾರೆ. ಅದಕ್ಕೇ ಮನೆಯ ತಟ್ಟೆಯಲ್ಲಿ ಸೊಪ್ಪು ಉಳಿದಿದೆ.

ಸೊಪ್ಪು ತಪ್ಪಿದರೆ ನಷ್ಟ ಯಾರಿಗೆ? ಲಾರಿ ಓಡಿಸುವ ಗಂಡನಿಗೆ, ಪಟ್ಟಣದಲ್ಲಿ ರೂಮು ಮಾಡಿಕೊಂಡು ಕೆಲಸಕ್ಕೆ ಹೋಗುವ ಮಗಳಿಗೆ, ಗಾರೆ ಕೆಲಸದ ತಮ್ಮನಿಗೆ. ಇವರಿಗೆಲ್ಲ ದಿನಾ ಹೋಟೆಲ್ ಊಟವೇ ಗತಿ. ದಿನಕ್ಕೆ ಕಡಿಮೆ ಎಂದರೂ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಲೆಕ್ಕದಲ್ಲಿ ಆಲೂಗಡ್ಡೆ ಸೇರೋದಿಲ್ಲ. ಹಾಗಾದರೆ ಮೂಲೆಯ ಒಂದು ಚಮಚ ಪಲ್ಯ ಎಲ್ಲಿ ಸಾಕಾಗುತ್ತೆ?

ಹೆಂಗಸರಿಗಂತೂ ಸೊಪ್ಪು ಬೇಕೇ ಬೇಕು. 2019–21ರಲ್ಲಿ ದೇಶದಲ್ಲಿ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ 100 ಹೆಂಗಸರಲ್ಲಿ ಸುಮಾರು 48 ಜನಕ್ಕೆ ರಕ್ತ ಕಡಿಮೆ ಇತ್ತು. ಸೊಪ್ಪಿನಲ್ಲಿ ಕಬ್ಬಿಣದ ಅಂಶ ಇದೆ. ಆದರೆ ಅದು ಮೈಗೆ ಸುಲಭವಾಗಿ ಹತ್ತೋದಿಲ್ಲ. ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಹೆಚ್ಚು ಹತ್ತುತ್ತೆ. ಊಟದ ಜೊತೆಗೇ ಟೀ ಕುಡಿದರೆ ಹತ್ತೋದು ಕಡಿಮೆ ಆಗುತ್ತೆ. ಬಹಳ ಸುಸ್ತು, ಏದುಸಿರು ಇದ್ದರೆ ಸೊಪ್ಪು ಒಂದರಿಂದಲೇ ಆಗಲ್ಲ. ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ಮಾತ್ರೆ ಕೊಟ್ಟರೆ ನುಂಗಬೇಕು. ನಮ್ಮ ಬಸ್ಸಾರಿನಲ್ಲಿ ಒಂದು ಜಾಣತನ ಇದೆ, ಗಮನಿಸಿದ್ದೀರಾ? ಸೊಪ್ಪು ಬೇಯಿಸಿದ ನೀರನ್ನು ನಾವು ಚೆಲ್ಲೋದಿಲ್ಲ. ಬಸಿದು ಅದರಲ್ಲೇ ಸಾರು ಮಾಡುತ್ತೇವೆ. ನೀರಿಗೆ ಇಳಿದ ಸತ್ವದಲ್ಲಿ ಎಷ್ಟೋ ಪಾಲು ಸಾರಿನಲ್ಲಿ ಉಳಿಯುತ್ತೆ.

ಎಲ್ಲ ಹೋಟೆಲುಗಳೂ ಒಂದೇ ಥರ ಅಲ್ಲ. ಹುಬ್ಬಳ್ಳಿ, ಧಾರವಾಡ, ವಿಜಯಪುರದ ಕಡೆ ಖಾನಾವಳಿಗಳಿವೆ. ಅಲ್ಲಿ ಜೋಳದ ರೊಟ್ಟಿ ಜೊತೆ ಬದನೆಕಾಯಿ ಎಣ್ಣೆಗಾಯಿ ಬರುತ್ತೆ. ಕಾಳಿನ ಪಲ್ಯ ಬರುತ್ತೆ. ಪಕ್ಕದಲ್ಲಿ ಹಸಿ ಮೆಂತ್ಯಸೊಪ್ಪು, ಮೂಲಂಗಿ, ಸೌತೆಕಾಯಿ, ಉಳ್ಳಾಗಡ್ಡಿ ಇಡ್ತಾರೆ. ಹಸಿ ಸೊಪ್ಪನ್ನು ಚೆನ್ನಾಗಿ ತೊಳೆದರೆ ಸಾಕು, ಬೇಯಿಸುವ ಕೆಲಸ ಇಲ್ಲ. ಬಾಡಿ ಕಡಿಮೆ ಆಗೋದೂ ಇಲ್ಲ. ನಮಗೆ ಈ ಉಪಾಯ ಬಹಳ ಹಿಡಿಸಿತು. ಅದೇ ಉಡುಪಿಯ ಮಾತು ನೋಡಿ. "ಉಡುಪಿ ಹೋಟೆಲ್" ಎಂಬ ಹೆಸರು ದೇಶದ ತುಂಬ ಇದೆ. ಉಡುಪಿ ಹತ್ತಿರ ಮಟ್ಟು ಎಂಬ ಊರಿದೆ. ಅಲ್ಲಿ ದುಂಡನೆಯ ಹಸಿರು ಬದನೆ ಬೆಳೆಯುತ್ತಾರೆ. ಅದರ ಹೆಸರು ಮಟ್ಟುಗುಳ್ಳ. ಈ ಊರಿನದೇ ಬೆಳೆ ಎಂದು ಸರ್ಕಾರದ ಗುರುತು ಕೂಡ ಸಿಕ್ಕಿದೆ. ಹೆಸರು ಊರೂರಿಗೆ ಹೋಯಿತು. ಗುಳ್ಳ ಹೋಗಲಿಲ್ಲ!

ನಾವು ಏನು ಮಾಡಬಹುದು? ಹೋಟೆಲಿನಲ್ಲಿ ಕೇಳಬಹುದು. "ಅಣ್ಣ, ಇವತ್ತು ಸೊಪ್ಪಿನದು ಏನಾದ್ರೂ ಇದೆಯಾ?" ಕೇಳೋಕೆ ಕಾಸು ಕೊಡಬೇಕಾಗಿಲ್ಲ. ಹತ್ತು ಜನ ಕೇಳಿದರೆ ಮಾಲೀಕರ ಕಿವಿಗೆ ಬೀಳುತ್ತೆ. ಸಂಘದ ಅಕ್ಕಂದಿರು ಇನ್ನೊಂದು ಕೆಲಸ ಮಾಡಬಹುದು. ಹೋಟೆಲಿನವರಿಗೆ ತೊಂದರೆ ಇರೋದು ಸೋಸುವುದರಲ್ಲಿ. ಸೋಸಿ ತೊಳೆದ ಸೊಪ್ಪನ್ನು ನಾವೇ ಬೆಳಿಗ್ಗೆ ಕೊಟ್ಟರೆ? ಸೊಪ್ಪಿನ ದುಡ್ಡು ಬೇರೆ, ಸೋಸಿದ ಕೂಲಿ ಬೇರೆ. ಎರಡನ್ನೂ ಚೀಟಿಯಲ್ಲಿ ಬರೆದು ಕೊಡಬೇಕು. ಮೊದಲು ಒಂದೇ ಹೋಟೆಲಿಗೆ, ವಾರಕ್ಕೆ ಎರಡು ದಿನ ಕೊಟ್ಟು ನೋಡಬಹುದು. ಹೊಂದದಿದ್ದರೆ ಬಿಡಬಹುದು. ಹೆಚ್ಚು ನಷ್ಟ ಇಲ್ಲ.

ಮನೆಯಲ್ಲೂ ಸೊಪ್ಪು ಸೋಸುವ ಕೆಲಸ ಒಬ್ಬಳದೇ ಆಗಬಾರದು. ಗಂಡನೂ ಕೂರಲಿ, ಮಗನೂ ಕೂರಲಿ. ಕೈ ನಾಲ್ಕಾದರೆ ಅರ್ಧ ಗಂಟೆ ಕೆಲಸ ಕಾಲು ಗಂಟೆಗೆ ಮುಗಿಯುತ್ತೆ. ಇಲ್ಲದಿದ್ದರೆ ನಾವೂ ಬೇಸತ್ತು ಒಂದು ದಿನ ಹೋಟೆಲಿನವರ ಹಾಗೆ ಕೋಸು ತಂದು ಸುಮ್ಮನಾಗುತ್ತೇವೆ.

ಈಗ ಪುಸ್ತಕ, ಪೆನ್ಸಿಲ್ ತೆಗೆದುಕೊಳ್ಳಿ. ನಿಮ್ಮ ಊರಿನಲ್ಲಿ ಸಿಗುವ ಸೊಪ್ಪಿನ ಹೆಸರುಗಳನ್ನು ಬರೆಯಿರಿ. ಯಾವ ತಿಂಗಳಲ್ಲಿ ಸಿಗುತ್ತೆ, ಎಲ್ಲಿ ಸಿಗುತ್ತೆ, ಸೋಸೋಕೆ ಎಷ್ಟು ಹೊತ್ತು ಹಿಡಿಯುತ್ತೆ, ಪಕ್ಕದಲ್ಲಿ ಬರೆಯಿರಿ. ಹೆಸರು ಗೊತ್ತಾಗದಿದ್ದರೆ ಊರಿನ ಅಜ್ಜಿಯರನ್ನು ಕೇಳಿ. ಕೆಲವು ಹೆಸರು ಯಾವ ಪುಸ್ತಕದಲ್ಲೂ ಇರೋದಿಲ್ಲ. ಒತ್ತಕ್ಷರ ಕಷ್ಟ ಆದರೆ ಹೆದರಬೇಡಿ. ಬಾಯಲ್ಲಿ ಹೇಗೆ ಹೇಳ್ತೀರೋ ಹಾಗೇ ಬರೆಯಿರಿ.