ಕೂಡಿ ಬೆಳೆಸಿದ ತಂತ್ರಾಂಶ

12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಕಾಯಕದಿಂದ ಗಳಿಸಿದುದನ್ನು ಸಮಾಜಕ್ಕೆ ಅರ್ಪಿಸುವ ದಾಸೋಹವನ್ನು ಬೋಧಿಸಿದರು. ವಿದ್ಯೆಯನ್ನೂ ಹೀಗೆ ಹಂಚಿಕೊಳ್ಳಬಹುದು ಎಂಬುದಕ್ಕೆ ಮುಕ್ತ ತಂತ್ರಾಂಶವು ಒಂದು ನಿದರ್ಶನ.

ಗಣಕಯಂತ್ರವು ಮಾಡಬೇಕಾದ ಕೆಲಸವನ್ನು ಹಂತಹಂತವಾಗಿ ತಿಳಿಸುವ ಆದೇಶಗಳ ಸಮೂಹವೇ ತಂತ್ರಾಂಶ. ಹಲವು ತಂತ್ರಾಂಶಗಳ ಆದೇಶಗಳನ್ನು ಅವುಗಳ ಒಡೆಯರು ಗುಟ್ಟಾಗಿ ಇಡುತ್ತಾರೆ. ಯಾರು ಬೇಕಾದರೂ ಓದಿ, ತಿದ್ದಿ, ಇತರರಿಗೆ ಹಂಚಬಹುದಾದುದು ಮುಕ್ತ ತಂತ್ರಾಂಶ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನು ಯೋಜನೆಯನ್ನು ಸಾರಿದಾಗ ಈ ಚಳವಳಿಗೆ ನಾಂದಿಯಾಯಿತು.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ಮೀಡಿಯವಿಕಿ ಎಂಬ ಮುಕ್ತ ತಂತ್ರಾಂಶದ ಆಧಾರದಿಂದ ನಡೆಯುತ್ತದೆ. ಆದರೆ ಕೀಲಿಮಣೆಯ ಮೇಲಿದ್ದುದು ಇಂಗ್ಲಿಷ್ ಅಕ್ಷರಗಳು. ಬರೆಯಲು ಸಾಧನವಿಲ್ಲದ ಭಾಷೆಯು ಕ್ರಮೇಣ ಓದುವುದಕ್ಕೂ ದೊರೆಯದಾಗುತ್ತದೆ. ಈ ತೊಡಕನ್ನು ನೀಗಲು ಮೂಲ ತಂತ್ರಾಂಶವನ್ನು ಬದಲಿಸಬೇಕಾಗಲಿಲ್ಲ. ಇದ್ದ ಮನೆಯನ್ನು ಕೆಡವದೆ ಹೊಸ ಕೋಣೆಯನ್ನು ಸೇರಿಸುವಂತೆ, ಅದಕ್ಕೆ 'ವಿಸ್ತರಣೆ' ಎಂಬ ಭಾಗವನ್ನು ಜೋಡಿಸಲಾಯಿತು. ಮಲಯಾಳಿ ಸ್ವಯಂಸೇವಕರೊಬ್ಬರು ರಚಿಸಿದ ಈ ವಿಸ್ತರಣೆಯ ಹೆಸರು 'ನಾರಾಯಂ'. ಮಲಯಾಳಂ ಭಾಷೆಯಲ್ಲಿ ಅದಕ್ಕೆ ತಾಳೆಗರಿಯ ಮೇಲೆ ಬರೆಯುವ ಕಂಟ ಎಂದರ್ಥ. ಕನ್ನಡವೂ ಅದರ ಫಲವನ್ನು ಪಡೆಯಿತು. 2013ರಲ್ಲಿ ಅದರ ಸ್ಥಾನಕ್ಕೆ ಇನ್ನೂ ವಿಶಾಲವಾದ ವಿಸ್ತರಣೆಯೊಂದು ಬಂದಿತು.

ಕೆ. ಪಿ. ರಾವ್ ಅವರು ಕನ್ನಡಕ್ಕಾಗಿ ರೂಪಿಸಿದ ಕೀಲಿಮಣೆಯ ವಿನ್ಯಾಸವೂ ಈಗ ಅದರಲ್ಲಿ ಸೇರಿದೆ. ಇಂಗ್ಲಿಷಿನ ಎ, ಕೆ, ಎಫ್, ಕೆ ಕೀಲಿಗಳನ್ನು ಕ್ರಮವಾಗಿ ಒತ್ತಿದರೆ 'ಅಕ್ಕ' ಎಂಬ ಪದ ಮೂಡುತ್ತದೆ. ಇಲ್ಲಿ ಎಫ್ ಕೀಲಿಯು ಹಿಂದಿನ ಅಕ್ಷರದ ಸ್ವರವನ್ನು ಕಳೆದು ಒತ್ತಕ್ಷರಕ್ಕೆ ಎಡೆಮಾಡಿಕೊಡುತ್ತದೆ. ಇಂಥ ನಿಯಮಗಳ ಪಟ್ಟಿಯೇ ಆ ಭಾಗದ ತಿರುಳು.

ಆದರೆ ಬರೆದ ಮಾತ್ರಕ್ಕೆ ಹೊಸ ಭಾಗವು ತಂತ್ರಾಂಶವನ್ನು ಸೇರುವುದಿಲ್ಲ. ಬರೆದವರು ಮೊದಲು ಮೂಲದ ಪ್ರತಿಯೊಂದನ್ನು ಪಡೆದು, ತಮ್ಮ ಭಾಗವನ್ನು ಅದರಲ್ಲಿ ಜೋಡಿಸಿ, ಯಾವ ಕೀಲಿಗೆ ಯಾವ ಅಕ್ಷರ ಬರಬೇಕೆಂಬ ಪರೀಕ್ಷೆಗಳನ್ನೂ ಒದಗಿಸಬೇಕು. ಅನುಭವಿಗಳು ಅದನ್ನು ಸಾಲುಸಾಲಾಗಿ ಓದಿ ದೋಷಗಳನ್ನು ತೋರಿಸುತ್ತಾರೆ. ಒಂದು ತಪ್ಪು ಉಳಿದರೂ ಬಳಸುವವರೆಲ್ಲರಿಗೂ ತೊಂದರೆಯಾದೀತು. ತಿದ್ದುಪಡಿಗಳು ಮುಗಿದು ಒಪ್ಪಿಗೆ ದೊರೆತ ಮೇಲೆಯೇ ಅದು ಎಲ್ಲರ ಸೊತ್ತಾಗುತ್ತದೆ. ಹೀಗೆ ತಿದ್ದಿಸಿಕೊಳ್ಳುವುದು ಅವಮಾನವಲ್ಲ, ಅದೂ ಕಲಿಕೆಯೇ.

ಈ ಕಾರ್ಯಕ್ಕೆ ಊರು, ಪದವಿಗಳ ಭೇದವಿಲ್ಲ. ಬೀದರ್ ಜಿಲ್ಲೆಯ ಗೋರ್ಟಾ (ಬಿ) ಗ್ರಾಮದ ವಿದ್ಯಾರ್ಥಿಯೂ ಆ ಆದೇಶಗಳನ್ನು ಓದಬಹುದು, ಕೊರತೆಯನ್ನು ಕಂಡು ತುಂಬಬಹುದು. ತಾನು ಪಡೆದ ವಿದ್ಯೆಗೆ ತನ್ನದೊಂದಿಷ್ಟನ್ನು ಸೇರಿಸಿ ಹಿಂದಿರುಗಿಸುವುದು ಈ ಕಾಲದ ದಾಸೋಹ.