ಜನಸಮೂಹವೂ ಮುಂದಾಳುವೂ

ವಿಪತ್ಕಾಲದಲ್ಲಿ ಜನಸಮೂಹಕ್ಕೂ ಮುಂದಾಳುವಿಗೂ ಇರುವ ಸಂಬಂಧವನ್ನರಿಯಲು ನಮ್ಮ ಶಿವಮೊಗ್ಗ ಜಿಲ್ಲೆಯ ಈಸೂರೇ ಸಾಕು. 1942ನೆಯ ಆಗಸ್ಟಿನಲ್ಲಿ ಗಾಂಧೀಜಿ ಮೊದಲಾದ ನಾಯಕರು ಸೆರೆಯಾದರು. ಆ ಬಳಿಕ ಈಸೂರಿನ ಜನರು ತಮ್ಮ ಗ್ರಾಮವು ಸ್ವತಂತ್ರವಾಯಿತೆಂದು ಸಾರಿ, ಬಾಲಕರನ್ನೇ ಅಧಿಕಾರಿಗಳನ್ನಾಗಿ ನೇಮಿಸಿಕೊಂಡರು. ಸೆಪ್ಟೆಂಬರಿನಲ್ಲಿ ಸರ್ಕಾರದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಅಲ್ಲಿಗೆ ಬಂದಾಗ ಘರ್ಷಣೆಯುಂಟಾಗಿ, ಇಬ್ಬರೂ ಹತರಾದರು. 1943ನೆಯ ಮಾರ್ಚ್ ತಿಂಗಳಲ್ಲಿ ಗ್ರಾಮದ ಐವರು ಗಲ್ಲಿಗೇರಿದರು. ಸ್ತ್ರೀಯರೂ ಸೆರೆಮನೆಯನ್ನು ಕಂಡರು.

1922ರಲ್ಲಿ ಚೌರಿಚೌರದ ಜನರು ಪೊಲೀಸರನ್ನು ಕೊಂದಾಗ ಗಾಂಧೀಜಿ ಚಳವಳಿಯನ್ನೇ ನಿಲ್ಲಿಸಿದ್ದರು. ಈಸೂರಿನ ಆ ದಿನ ಅವರು ಸೆರೆಯಲ್ಲಿದ್ದರು. ಜನರಿಗೆ ಧೈರ್ಯವನ್ನೀಯುವವನು ಮುಂದಾಳುವೆಂಬುದು ನಿಜ. ಆದರೆ ಅವರು ಕುದಿದೆದ್ದಾಗ ‘ನಿಲ್ಲಿರಿ’ ಎನ್ನಬಲ್ಲವನೇ ಪೂರ್ಣ ಮುಂದಾಳು. ಆ ಮಾತಿಗೆ ಕಿವಿಗೊಡುವ ಅಭ್ಯಾಸವು ಜನರಿಗೆ ಶಾಂತಿಕಾಲದಲ್ಲಿಯೇ ಆಗಬೇಕು. ತಾಯಂದಿರೇ, ಸೋದರಿಯರೇ, ಅದಕ್ಕೆ ಮನೆಯೇ ಮೊದಲ ಪಾಠಶಾಲೆಯಲ್ಲವೇ?