ಸಿಂಗಪುರ, ಕ್ವಾಲಾಲಂಪುರಕ್ಕೆ ಹೊರಟ ಮನೆಮಂದಿಗೆ: ಮಾಡಬೇಕಾದ್ದು, ಮಾಡಬಾರದ್ದು

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಕಡೆಯಿಂದ ಬೇಸಿಗೆ ರಜೆಗೋ ದಸರೆ ರಜೆಗೋ ಈ ಎರಡೂರಿಗೆ ಹೋಗಿಬರುವ ಮನೆಗಳು ಬಹಳ. ಅಜ್ಜಿ, ತಾತ, ಮಕ್ಕಳು ಎಲ್ಲ ಸೇರಿ ಹೋಗುವ ಇಂಥ ಪ್ರವಾಸ ಕೆಟ್ಟರೆ ಬಹುಪಾಲು ಹೊರಡುವ ಮೊದಲೇ ಕೆಟ್ಟಿರುತ್ತದೆ: ಯಾರೂ ನೋಡದ ಒಂದು ತಾರೀಖು, ಯೋಚಿಸದೆ ತುಂಬಿದ ಒಂದು ಪೊಟ್ಟಣ.

ಹಿಂದೊಮ್ಮೆ ಎಂಟು ಜನ ಹೊರಟಿದ್ದ ನಾವು ವಿಮಾನ ಹತ್ತಿದ್ದು ಆರೇ ಜನ. ತಮ್ಮನ ಮಗಳ ಪಾಸ್‌ಪೋರ್ಟಿಗೆ ನಾಲ್ಕೇ ತಿಂಗಳು ಉಳಿದಿತ್ತು. ಏಳು ವರ್ಷದ ಹುಡುಗಿ ಪುಟ್ಟ ಬ್ಯಾಗಿನ ಪಟ್ಟಿ ಬಿಡದೆ ಹಿಡಿದುಕೊಂಡು, ಅಮ್ಮನ ಜೊತೆ ಬನಶಂಕರಿಯ ಬಸ್ಸು ಹತ್ತಿದಳು. ಆಮೇಲೆ ಬರೆದಿಟ್ಟ ಪಟ್ಟಿ ಇದು. ಒಂದನ್ನೂ ಬಿಡಬೇಡಿ.

1. ಕಾಗದಪತ್ರ

ಮಾಡಬೇಕಾದ್ದು:
- ಟಿಕೆಟ್ ಕೊಳ್ಳುವ ಮೊದಲು ಎಲ್ಲರ ಪಾಸ್‌ಪೋರ್ಟನ್ನೂ ಮೇಜಿನ ಮೇಲೆ ಹರಡಿ, ತಾರೀಖು ಓದಿ. ಅಲ್ಲಿ ಇಳಿಯುವ ದಿನದಿಂದ ಕನಿಷ್ಠ 6 ತಿಂಗಳು ಅವಧಿ ಉಳಿದಿರಬೇಕು. ದೊಡ್ಡವರದು 10 ವರ್ಷ ನಡೆಯುತ್ತದೆ, ಚಿಕ್ಕ ಮಕ್ಕಳದು 5 ವರ್ಷ ಮಾತ್ರ. ಎಡವುವುದು ಇಲ್ಲೇ.
- ಟಿಕೆಟಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರಲಿ. ನಮ್ಮ ಹಿರಿಯರ ಇನಿಶಿಯಲ್ಲುಗಳು ಪಾಸ್‌ಪೋರ್ಟಿನಲ್ಲಿ ಊರಿನ ಹೆಸರಾಗಿ, ತಂದೆಯ ಹೆಸರಾಗಿ ಬಿಡಿಸಿಕೊಂಡಿರುತ್ತವೆ. ಅಕ್ಷರ ಅಕ್ಷರ ಹೋಲಿಸಿ.
- ಸಿಂಗಪುರಕ್ಕೆ ವೀಸಾ ಬೇಕೇ ಬೇಕು. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನದವರೆಗೆ ವೀಸಾ ವಿನಾಯಿತಿ ಕೊಟ್ಟಿದೆ. ಇದು ಗಡುವು ಇಟ್ಟು ಮುಂದುವರಿಸುವ ವಿನಾಯಿತಿ. ಆದ್ದರಿಂದ ಟಿಕೆಟ್ ಕೊಳ್ಳುವ ದಿನವೇ ಅದು ಜಾರಿಯಲ್ಲಿದೆಯೇ ನೋಡಿಕೊಳ್ಳಿ.
- ಹೋಗುವ ಟಿಕೆಟ್ ಸಿಂಗಪುರಕ್ಕೆ, ಬರುವ ಟಿಕೆಟ್ ಕ್ವಾಲಾಲಂಪುರದಿಂದ ತೆಗೆದುಕೊಳ್ಳಿ. ಒಂದು ದಿನ ಉಳಿಯುತ್ತದೆ. ಮತ್ತೆ ಸಿಂಗಪುರಕ್ಕೇ ಮರಳುವುದಾದರೆ ನಿಮ್ಮ ವೀಸಾದಲ್ಲಿ ಎರಡನೇ ಪ್ರವೇಶಕ್ಕೆ ಅವಕಾಶ ಇದೆಯೇ ಓದಿ.

ಮಾಡಬಾರದ್ದು:
- ಸಿಂಗಪುರದ ಎಸ್‌ಜಿ ಅರೈವಲ್ ಕಾರ್ಡ್‌ಗಾಗಲಿ ಮಲೇಷ್ಯಾದ ಡಿಜಿಟಲ್ ಅರೈವಲ್ ಕಾರ್ಡ್ ಆದ ಎಂಡಿಎಸಿಗಾಗಲಿ ಯಾರಿಗೂ ದುಡ್ಡು ಕೊಡಬೇಡಿ. ಎರಡೂ ಉಚಿತ. ತಲುಪುವ ದಿನಕ್ಕೆ ಮುಂಚಿನ 3 ದಿನದೊಳಗೆ, ಸರ್ಕಾರಿ ತಾಣದಲ್ಲೇ, ಮಕ್ಕಳದೂ ಸೇರಿಸಿ ತುಂಬಿ.

2. ಪೆಟ್ಟಿಗೆ ಕಟ್ಟುವಾಗ

ಮಾಡಬಾರದ್ದು:
- ಗಸಗಸೆ ಒಯ್ಯಲೇಬೇಡಿ. ಗಸಗಸೆಯಲ್ಲಿ ಅಫೀಮಿನ ಅಂಶ ಉಳಿದಿರಬಹುದು ಎಂದು ಸಿಂಗಪುರ ಅದನ್ನು ನಿಷೇಧಿಸಿದೆ. ಪಾಯಸಕ್ಕೆಂದು ಕಟ್ಟಿದ ಚಿಟಿಕೆಯೂ ಬೇಡ, ಗಸಗಸೆ ಹುರಿದು ಹಾಕಿದ ಮನೆಯ ಮಸಾಲೆ ಪುಡಿಯೂ ಬೇಡ. ಪುಡಿ ಮಾಡಿದವರನ್ನೇ ಕೇಳಿ ಖಚಿತಪಡಿಸಿಕೊಳ್ಳಿ.
- ಕೊಬ್ಬರಿ ಇಡಬೇಡಿ. ಎಣ್ಣೆಯಿಂದ ಬೆಂಕಿ ಹತ್ತುವ ವಸ್ತುವೆಂದು ಅದನ್ನು ತೆಗೆಸುತ್ತಾರೆ.
- ಚೂಯಿಂಗ್ ಗಮ್ ಬೇಡ. 1992ರಿಂದ ಸಿಂಗಪುರಕ್ಕೆ ಅದನ್ನು ತರುವಂತಿಲ್ಲ. ಇ-ಸಿಗರೇಟ್ ಅಂತೂ ಮುಟ್ಟಲೇಬೇಡಿ.
- ಮೈತುಂಬ ಒಡವೆ ಬೇಡ. ಹಾಕಿಕೊಳ್ಳಲೇಬೇಕಿದ್ದರೆ ಹೊರಡುವಾಗ ನಮ್ಮ ಕಸ್ಟಮ್ಸ್‌ನಲ್ಲಿ ತೋರಿಸಿ ಪ್ರಮಾಣಪತ್ರ ಪಡೆಯಿರಿ.

ಮಾಡಬೇಕಾದ್ದು:
- ಬಿಪಿ, ಶುಗರ್ ಮಾತ್ರೆಗಳು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿರಲಿ. ಕೊಡೀನ್ ಇರುವ ಕೆಮ್ಮಿನ ಔಷಧಿ, ನಿದ್ರೆ ಮಾತ್ರೆಗಳಿಗೆ ಸಿಂಗಪುರದ ಮುಂಗಡ ಅನುಮತಿ ಬೇಕಾಗಬಹುದು. ಮೊದಲೇ ವಿಚಾರಿಸಿ.
- ಪವರ್ ಬ್ಯಾಂಕ್ ಕೈಚೀಲಕ್ಕೆ; ತುಪ್ಪ, ಉಪ್ಪಿನಕಾಯಿ ಭದ್ರವಾಗಿ ಕಟ್ಟಿ ದೊಡ್ಡ ಪೆಟ್ಟಿಗೆಗೆ. ಎರಡೂ ದೇಶದಲ್ಲಿ ಮೂರು ಚಪ್ಪಟೆ ಪಿನ್ನಿನ ಪ್ಲಗ್. ಅದಕ್ಕೆ ಹೊಂದುವ ಅಡಾಪ್ಟರ್ ಇಲ್ಲೇ ಕೊಳ್ಳಿ.

3. ಮನೆಯಿಂದ ದೇವನಹಳ್ಳಿಗೆ

- ಬನಶಂಕರಿಯಿಂದ ವಾಯು ವಜ್ರ ಬಸ್ಸಿದೆ. ಬಸ್ಸೋ ಕಾರೋ, ಊರಿನ ಈ ತುದಿಯಿಂದ ಆ ತುದಿಗೆ ಹೋಗಬೇಕು. ರಾತ್ರಿ 11ರ ವಿಮಾನಕ್ಕೆ ಸಂಜೆ 5ಕ್ಕೇ ಬಾಗಿಲು ಹಾಕಿ ಹೊರಡಿ.
- ಮಧ್ಯರಾತ್ರಿ 12.30ರ ವಿಮಾನವಾದರೆ ಟಿಕೆಟಿನಲ್ಲಿರುವ ತಾರೀಖಿನ ಹಿಂದಿನ ರಾತ್ರಿಯೇ ಹೊರಡಬೇಕು. ಕ್ಯಾಲೆಂಡರಿನಲ್ಲಿ ಗುರುತು ಹಾಕಿ.
- ಎರಡೂರೂ ನಮಗಿಂತ ಎರಡೂವರೆ ಗಂಟೆ ಮುಂದೆ. ಇಳಿದ ದಿನ ಮಕ್ಕಳಿಗೂ ಹಿರಿಯರಿಗೂ ವಿಶ್ರಾಂತಿ ಕೊಡಿ.

4. ಸಿಂಗಪುರದಲ್ಲಿ

ಮಾಡಬೇಕಾದ್ದು:
- ಸಸ್ಯಾಹಾರಿಗಳು ಲಿಟಲ್ ಇಂಡಿಯಾ ಹತ್ತಿರ ಉಳಿದುಕೊಳ್ಳಿ. ಸೆರಂಗೂನ್ ರಸ್ತೆಯಲ್ಲಿ 1947ರಿಂದ ನಡೆದುಬಂದ ಕೋಮಲ ವಿಲಾಸ್ ಇದೆ. ಬೆಳಗ್ಗೆ ದೋಸೆ, ಕಾಫಿ ಸಿಕ್ಕರೆ ಅಜ್ಜಿ ಇಡೀ ದಿನ ನಗುತ್ತಾ ನಡೆಯುತ್ತಾರೆ.
- ಹಾಕರ್ ಸೆಂಟರಿನಲ್ಲಿ ಉಂಡ ತಟ್ಟೆಯನ್ನು ನೀವೇ ಎತ್ತಿಡಿ. ನಮ್ಮ ದರ್ಶಿನಿಗಳಲ್ಲಿ ಇದು ರೂಢಿ, ಅಲ್ಲಿ 2021ರಿಂದ ಕಾನೂನು.
- ಗಾರ್ಡನ್ಸ್ ಬೈ ದಿ ಬೇಯಲ್ಲಿ ಸೂಪರ್‌ಟ್ರೀಗಳ ದೀಪದಾಟ ರಾತ್ರಿ 7.45ಕ್ಕೆ ಮತ್ತು 8.45ಕ್ಕೆ, ಉಚಿತ. ಮಕ್ಕಳಿಗೆ ಮೊದಲನೆಯದೇ ಸರಿ.

ಮಾಡಬಾರದ್ದು:
- ಮೆಟ್ರೊದಲ್ಲಿ ತಿನ್ನಬೇಡಿ, ನೀರನ್ನೂ ಕುಡಿಯಬೇಡಿ. ದಂಡ 500 ಡಾಲರ್‌ವರೆಗೆ. ಮಗುವಿನ ಕೈಗೆ ಬಿಸ್ಕತ್ತು ಕೊಡುವುದಿದ್ದರೆ ನಿಲ್ದಾಣದ ಹೊರಗೇ ಕೊಡಿ.
- ರಸ್ತೆಯಲ್ಲಿ ಕಸ ಹಾಕಬೇಡಿ, ಉಗುಳಬೇಡಿ, ಸಿಗ್ನಲ್ ಬಿಟ್ಟು ಅಡ್ಡ ದಾಟಬೇಡಿ.

5. ಗಡಿ ದಾಟುವಾಗ

- ಎರಡೂರಿನ ನಡುವೆ ರಸ್ತೆಯಲ್ಲಿ ಸುಮಾರು 350 ಕಿ.ಮೀ. ಬಸ್ಸಿಗೆ ಐದಾರು ಗಂಟೆ ಹಿಡಿಯುತ್ತದೆ, ವಿಮಾನಕ್ಕೆ ಒಂದು ಗಂಟೆ. ಹಿರಿಯರಿದ್ದರೆ ವಿಮಾನವೇ ಮೇಲು.
- ಬಸ್ಸಿನಲ್ಲಿ ಹೋದರೆ ಎರಡು ಕಡೆ ತಪಾಸಣೆ, ಎರಡು ಸಲ ಇಳಿಯಬೇಕು. ಪೆಟ್ಟಿಗೆಗಳನ್ನೂ ಇಳಿಸಿ ಹೊರಬೇಕಾಗುತ್ತದೆ. ಒಬ್ಬೊಬ್ಬರು ಒಂದೊಂದೇ ಪೆಟ್ಟಿಗೆ ಇಟ್ಟುಕೊಳ್ಳಿ.
- ಶುಕ್ರವಾರ ಸಂಜೆ, ಅಲ್ಲಿನ ರಜೆಯ ದಿನಗಳಲ್ಲಿ ಜೊಹೋರ್ ಸೇತುವೆಯ ಕಡೆ ಹೋಗಬೇಡಿ. ಸಾಲು ಗಂಟೆಗಟ್ಟಲೆ ಬೆಳೆಯುತ್ತದೆ.

6. ಕ್ವಾಲಾಲಂಪುರದಲ್ಲಿ

ಮಾಡಬೇಕಾದ್ದು:
- 452 ಮೀಟರ್ ಎತ್ತರದ ಪೆಟ್ರೊನಾಸ್ ಅವಳಿ ಗೋಪುರ ಹತ್ತುವವರು ಟಿಕೆಟ್ ಮೊದಲೇ ಕಾದಿರಿಸಿ. ಸಾಮಾನ್ಯವಾಗಿ ಸೋಮವಾರ ಪ್ರವೇಶವಿಲ್ಲ.
- ಊಟಕ್ಕೆ ಬ್ರಿಕ್‌ಫೀಲ್ಡ್ಸ್‌ಗೆ ಹೋಗಿ, ಬಾಳೆಲೆ ಊಟ ಸಿಗುತ್ತದೆ. ಬೇರೆಡೆ ತರಕಾರಿ ಪಲ್ಯವೆಂದರೂ ಬೆಲಾಚಾನ್, ಅಂದರೆ ಸಿಗಡಿಯ ಮುದ್ದೆ, ಹಾಕಿದ್ದೀರಾ ಎಂದು ಕೇಳಿಯೇ ಬಾಯಿಗಿಡಿ.
- ಬಾತು ಗುಹೆಗಳಿಗೆ ಕೆಎಲ್ ಸೆಂಟ್ರಲ್‌ನಿಂದ ನೇರ ರೈಲಿದೆ. ಬಿಸಿಲೇರುವ ಮುನ್ನ ತಲುಪಿ. ಮಂಡಿ ಮುಚ್ಚುವ ಬಟ್ಟೆ ಇರಲಿ.

ಮಾಡಬಾರದ್ದು:
- ಬಾತು ಗುಹೆಗಳ ಬಳಿ ಕೈಯಲ್ಲಿ ತಿಂಡಿ ಪೊಟ್ಟಣ ಹಿಡಿಯಬೇಡಿ. ಕೋತಿಗಳು ಮಕ್ಕಳ ಮೇಲೇ ಎರಗುತ್ತವೆ.
- ಮಂಡಿನೋವಿನವರನ್ನು 272 ಮೆಟ್ಟಿಲು ಹತ್ತಿಸಬೇಡಿ. "ಇಷ್ಟು ದೂರ ಬಂದು ಹತ್ತದಿದ್ದರೆ ಹೇಗಮ್ಮಾ" ಎಂದು ಒತ್ತಾಯಿಸಬೇಡಿ. ಚಿನ್ನದ ಬಣ್ಣದ 42.7 ಮೀಟರ್ ಎತ್ತರದ ಮುರುಗನ್ ಕೆಳಗಿನಿಂದಲೇ ಕಾಣುತ್ತಾನೆ. ರೈಲು ನಿಲ್ದಾಣದ ಪಕ್ಕದಲ್ಲೇ ಹನುಮಂತನ ದೊಡ್ಡ ಮೂರ್ತಿ, ರಾಮಾಯಣದ ಗುಹೆ ಇವೆ.
- ಅವರನ್ನು ಒಬ್ಬರನ್ನೇ ಕೆಳಗೆ ಕೂರಿಸಿ ಉಳಿದವರೆಲ್ಲ ಮೇಲೆ ಹೋಗಬೇಡಿ. ಮನೆಯವರೊಬ್ಬರು ಜೊತೆಗೆ ಕೂರಲೇಬೇಕು. ಎಂಟು ಜನ ಹೊರಟರೆ ಎಂಟು ಜನರದೂ ಪ್ರವಾಸ.